ಗ್ಲ್ಯಾಂಡ್ ಎಷ್ಟು ಟೈಟ್ ಮಾಡಿದರೂ ಶಾಫ್ಟ್ ಹತ್ತಿರ ನೀರು, ಈಗ ಬಿಸಿ ಬೇರೆ

ಗಂಗೊಳ್ಳಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಮರದ ಸಣ್ಣ ಟ್ರಾಲ್ ಬೋಟ್. ಮೊದಲೆಲ್ಲ ದೊಡ್ಡಪ್ಪ ನೋಡಿಕೊಳ್ಳುತ್ತಿದ್ದರು. ಅವರಿಗೆ ಮಂಡಿ ನೋವು ಜಾಸ್ತಿ ಆದ ಮೇಲೆ ಲೆಕ್ಕ, ರಿಪೇರಿ ಎಲ್ಲ ನನ್ನ ತಲೆಗೆ ಬಂದಿದೆ. ಬೋಟ್ ನಡೆಸಿಕೊಂಡು ಸಮುದ್ರಕ್ಕೆ ಹೋಗುವುದು ತಾಂಡೇಲರು, ದಡದಲ್ಲಿ ಇಂಜಿನ್ ರೂಮಿಗೆ ಇಳಿಯುವುದು ನಾನು.

ವಿಷಯ ಏನೆಂದರೆ, ಪ್ರೊಪೆಲ್ಲರ್ ಶಾಫ್ಟ್ ಬೋಟಿನ ಒಳಗೆ ಬರುವ ಜಾಗದಲ್ಲಿ ನೀರು ಬರುತ್ತಿದೆ. ನಮ್ಮದು ಹಳೇ ಥರದ ಗ್ಲ್ಯಾಂಡ್, ಅಂದರೆ ಶಾಫ್ಟ್ ಸುತ್ತ ರೋಪಿನ ರಿಂಗುಗಳನ್ನು ತುಂಬಿ, ಬಿಗಿ ಮಾಡಿ ನೀರು ತಡೆಯುವಂಥದ್ದು, ಕಂಚಿನದು, ಎರಡು ಕಡೆ ಬೋಲ್ಟ್ ಇರುವುದು. ಕಳೆದ ಮಳೆಗಾಲದಲ್ಲಿ ಬೋಟನ್ನು ದಡದ ಮೇಲೆ ಎಳೆದಾಗ ಒಳಗೆ ತುಂಬುವ ಹೊಸ ಪ್ಯಾಕಿಂಗ್ ಹಾಕಿಸಿದ್ದೆವು, ಕಪ್ಪು ಬಣ್ಣದ ಗ್ರಾಫೈಟ್ ರೋಪ್. ದೀಪಾವಳಿವರೆಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ ನೀರು ಶುರುವಾಯಿತು. ಇಂಜಿನ್ ನೋಡಿಕೊಳ್ಳುವ ಡ್ರೈವರ್ ಒಂದು ಸುತ್ತು ಟೈಟ್ ಮಾಡಿದರೆ ನಿಲ್ಲುತ್ತದೆ, ವಾರ ಕಳೆದರೆ ಮತ್ತೆ ಅದೇ ಕತೆ. ಹೀಗೆ ಮಾಡಿ ಮಾಡಿ ಈಗ ನಟ್ ಹೆಚ್ಚು ಕಡಿಮೆ ಕೊನೆಗೇ ಬಂದಿದೆ. ಮೊನ್ನೆ ಬೋಟ್ ಬಂದ ಕೂಡಲೇ ಗ್ಲ್ಯಾಂಡ್ ಮುಟ್ಟಿ ನೋಡಿದೆ, ಕೈ ಇಡಲಿಕ್ಕೆ ಆಗಲಿಲ್ಲ, ಅಷ್ಟು ಬಿಸಿ. ಅಷ್ಟಾದರೂ ನೀರು ಬರುವುದು ಬಿಟ್ಟಿಲ್ಲ. ಬೋಟಿನ ಅಡಿಯ ನೀರು ತಾನಾಗಿ ಹೊರಗೆ ಹಾಕುವ ಆಟೋ ಪಂಪ್ ಆಗಾಗ ಆನ್ ಆಗುತ್ತಲೇ ಇದೆ.

ಕೇಳಬೇಕಾದ್ದು ಇಷ್ಟು. ಮೇಲಿಂದ ಇನ್ನೊಂದು ರಿಂಗ್ ತುರುಕಿದರೆ ಸಾಕಾ? ಜೂನ್ 1ಕ್ಕೆ ಹೇಗೂ ಮಳೆಗಾಲದ ಮೀನುಗಾರಿಕೆ ಬ್ಯಾನ್ ಶುರುವಾಗುತ್ತದೆ, ಬೋಟ್ ದಡದ ಮೇಲೆ ಬರುತ್ತದೆ, ಅಲ್ಲಿವರೆಗೆ ಹೀಗೇ ತಳ್ಳಬಹುದಾ? ಹೊಸದಾಗಿ ಹಾಕುವಾಗ ಗ್ರಾಫೈಟಾ, ಟೆಫ್ಲಾನಾ ಅಥವಾ ಹಳಬರು ಹೇಳುವ ಕೊಬ್ಬು ಹಾಕಿದ ನಾರಿನ ರೋಪಾ? ಇನ್ನೊಂದು, ವಿಡಿಯೋಗಳಲ್ಲಿ ಒಂದು ಹನಿ ನೀರೂ ಬರದ ಸೀಲ್ ತೋರಿಸುತ್ತಾರಲ್ಲ, ಅದು ನಮ್ಮಂಥ ಬೋಟಿಗೆ ಆಗುತ್ತದಾ?

---

ಮಲ್ಪೆ_ಹಳೇಡ್ರೈವರ್

ತಮ್ಮಾ, ಮೊದಲು ಆ ಸ್ಪ್ಯಾನರ್ ಕೆಳಗೆ ಇಡು. ಇನ್ನು ಒಂದು ಎಳೆಯೂ ಟೈಟ್ ಮಾಡಬೇಡ, ಡ್ರೈವರಿಗೂ ಹೇಳು.

ಗ್ಲ್ಯಾಂಡ್ ಅಂದರೆ ನೀರು ಪೂರ್ತಿ ನಿಲ್ಲಿಸುವ ಮುಚ್ಚಳ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಶಾಫ್ಟ್ ತಿರುಗುವಾಗ ಅಲ್ಲಿ ಸ್ವಲ್ಪ ನೀರು ಬರಲೇಬೇಕು. ಪ್ಯಾಕಿಂಗಿಗೂ ಶಾಫ್ಟಿಗೂ ನಡುವೆ ಎಣ್ಣೆಯ ಕೆಲಸ ಮಾಡುವುದು ಆ ನೀರೇ, ತಂಪು ಮಾಡುವುದೂ ಅದೇ. ಪೂರ್ತಿ ನಿಲ್ಲಿಸಿಬಿಟ್ಟರೆ ರೋಪ್ ಒಣಗಿ ಸುಡುತ್ತದೆ. ಸುಟ್ಟ ರೋಪ್ ಕಲ್ಲಿನಂತೆ ಗಟ್ಟಿ ಆಗುತ್ತದೆ, ಗಟ್ಟಿ ಆದದ್ದು ಶಾಫ್ಟನ್ನು ತಿನ್ನುತ್ತದೆ, ಶಾಫ್ಟ್ ತಿಂದ ಜಾಗದಲ್ಲಿ ಮತ್ತೆ ನೀರು. ಆಗ ನೀವು ಮತ್ತೆ ಟೈಟ್ ಮಾಡುತ್ತೀರಿ. ನಿಮ್ಮ ಬೋಟಿನಲ್ಲಿ ಈಗ ಆಗುತ್ತಿರುವುದು ಇದೇ ಅಂತ ನನಗೆ ಅನ್ನಿಸುತ್ತದೆ.

ಎಷ್ಟು ಹನಿ ಬೀಳಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೋಟ್ ಓಡುವಾಗ ನಿಮಿಷಕ್ಕೆ ನಾಲ್ಕೈದರಿಂದ ಹತ್ತು ಹನಿ ಬಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಜಿನ್ ಬಂದ್ ಆದ ಮೇಲೆ ಅದು ನಿಲ್ಲಬೇಕು, ಅಥವಾ ಅಪರೂಪಕ್ಕೆ ಒಂದು ಹನಿ. ಲೆಕ್ಕ ಹಾಕಿ ನೋಡು. ನಿಮಿಷಕ್ಕೆ 10 ಹನಿ ಅಂದರೆ ಇಡೀ ದಿನಕ್ಕೆ 14,400 ಹನಿ. 20 ಹನಿಗೆ ಸುಮಾರು 1 ಎಂಎಲ್ ಹಿಡಿದರೆ 720 ಎಂಎಲ್ ಆಯಿತು, ಒಂದು ಲೀಟರಿನ ಬಾಟಲಿಯೂ ತುಂಬಲಿಲ್ಲ. ಅದಕ್ಕೆ ಹೆದರುವವರು ಬೋಟ್ ಇಡಬಾರದು. ಅದೇ ನೂಲಿನಂತೆ ಧಾರೆ ಕಟ್ಟಿ ನಿಮಿಷಕ್ಕೆ ಒಂದು ಲೀಟರ್ ಬಂತು ಅಂತ ಇಟ್ಟುಕೋ, ದಿನಕ್ಕೆ 1,440 ಲೀಟರ್, ಹತ್ತಿರ ಹತ್ತಿರ ಒಂದೂವರೆ ಟನ್. ಬ್ಯಾಟರಿ ಇಳಿದು ಪಂಪ್ ಒಂದು ರಾತ್ರಿ ನಿಂತರೆ ಬೆಳಿಗ್ಗೆ ದಕ್ಕೆಯಲ್ಲಿ, ಬೋಟ್ ಕಟ್ಟುವ ಕಟ್ಟೆಯಲ್ಲಿ, ಬೋಟ್ ಅರ್ಧ ಮುಳುಗಿರುತ್ತದೆ. ಆಟೋ ಪಂಪ್ ಇದೆ ಅಂತ ಧೈರ್ಯವಾಗಿ ಇರಬೇಡ. ಪಂಪ್ ನೀರು ಹೊರಗೆ ಹಾಕುತ್ತದೆ, ಎಷ್ಟು ಬರುತ್ತಿದೆ ಅನ್ನುವುದನ್ನು ನಿನಗೆ ಕಾಣದಂತೆಯೂ ಮಾಡುತ್ತದೆ. ಅರ್ಧ ಗಂಟೆ ಅದರ ಸ್ವಿಚ್ ಆಫ್ ಮಾಡಿ, ಗ್ಲ್ಯಾಂಡ್ ಕೆಳಗೆ ಒಂದು ಡಬ್ಬ ಇಟ್ಟು, ಪಕ್ಕದಲ್ಲೇ ಕೂತು ನೋಡು. ಆಮೇಲೆ ಸ್ವಿಚ್ ಆನ್ ಮಾಡುವುದು ಮರೆಯಬೇಡ.

ಬಿಸಿ ನೋಡಲಿಕ್ಕೆ ಕೈಯೇ ಸಾಕು. ಗ್ಲ್ಯಾಂಡ್ ಮೇಲೆ ಅಂಗೈ ಇಟ್ಟು ಆರಾಮಾಗಿ ನಿಲ್ಲಲಿಕ್ಕೆ ಆದರೆ ಸರಿ. ತೆಗೆಯಬೇಕು ಅನ್ನಿಸಿದರೆ ಟೈಟ್ ಜಾಸ್ತಿ ಆಗಿದೆ. ಆದರೆ ಒಂದು ಮಾತು, ಶಾಫ್ಟ್ ತಿರುಗುವಾಗ ಲುಂಗಿ ಉಟ್ಟುಕೊಂಡು, ಹೆಗಲ ಮೇಲೆ ಬೈರಾಸು ಹಾಕಿಕೊಂಡು ಅಲ್ಲಿ ಬಗ್ಗಬೇಡ. ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲಿಂಗ್ ಬೋಲ್ಟಿಗೆ ಬಟ್ಟೆಯ ತುದಿ ಸಿಕ್ಕಿದರೆ ಕೂಗುವಷ್ಟು ಹೊತ್ತೂ ಇರುವುದಿಲ್ಲ. ಇಂಜಿನ್ ನಿಲ್ಲಿಸಿದ ಕೂಡಲೇ ಮುಟ್ಟಿ ನೋಡಿದರೂ ಬಿಸಿ ಗೊತ್ತಾಗುತ್ತದೆ.

ಮೇಲಿಂದ ಒಂದು ರಿಂಗ್ ಹಾಕುವ ಬಗ್ಗೆ. ನಡು ಸಮುದ್ರದಲ್ಲಿ ಬೇರೆ ದಾರಿ ಇಲ್ಲದಾಗ ಹಾಕಿ ದಡ ಸೇರುವುದು ಸರಿ, ನಾವೂ ಮಾಡಿದ್ದೇವೆ. ಅದನ್ನೇ ರಿಪೇರಿ ಅಂದುಕೊಳ್ಳಬಾರದು. ಕೆಳಗಿನ ರಿಂಗುಗಳು ಸತ್ತು ಹೋಗಿವೆ, ಅದರ ಮೇಲೆ ಹೊಸದು ಹಾಕಿದರೆ ಎಲ್ಲ ಭಾರ ಆ ಒಂದರ ಮೇಲೇ ಬೀಳುತ್ತದೆ.

---

ಬಂದರ್_ಲೇತ್

ಡ್ರೈವರ್ ಅಣ್ಣ ಹೇಳಿದ್ದು ಸರಿ. ನಮ್ಮದು ಮಂಗಳೂರು ಬಂದರಿನಲ್ಲಿ ಲೇತ್ ಕೆಲಸ, ಮೇ ಕೊನೆ ಬಂತೆಂದರೆ ಇಂಥ ಶಾಫ್ಟುಗಳು ಸಾಲಾಗಿ ಬರುತ್ತವೆ. ತುಂಬಾ ಸಲ ರೋಪಿನ ಅಳತೆಯೇ ತಪ್ಪಿರುತ್ತದೆ.

ಅಳತೆ ಕಂಡುಹಿಡಿಯುವುದು ಸುಲಭ. ಗ್ಲ್ಯಾಂಡ್ ಬಾಕ್ಸಿನ ಒಳ ವ್ಯಾಸದಿಂದ ಶಾಫ್ಟಿನ ವ್ಯಾಸ ಕಳೆಯಿರಿ, ಉಳಿದದ್ದನ್ನು ಎರಡರಿಂದ ಭಾಗಿಸಿ. ಬಂದದ್ದೇ ರೋಪಿನ ದಪ್ಪ. ಹಳೇ ರೋಪಿನ ತುಂಡು ತಂದು ‘ಇದೇ ಸೈಜು ಕೊಡಿ’ ಅಂತ ಅಂಗಡಿಯಲ್ಲಿ ಕೇಳಬೇಡಿ. ಅದು ಒತ್ತಿ ಒತ್ತಿ ಚಪ್ಪಟೆ ಆಗಿರುತ್ತದೆ, ಅದನ್ನು ಅಳೆದರೆ ಸುಳ್ಳು ಅಳತೆ ಬರುತ್ತದೆ. ದಪ್ಪ ಅಳೆಯುವ ವರ್ನಿಯರ್ ಇದ್ದರೆ ನೀವೇ ಅಳೆದು ಇಲ್ಲಿ ಹಾಕಿ.

ಗ್ರಾಫೈಟ್ ಬಗ್ಗೆ. ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ಉಪ್ಪು ನೀರಿನಲ್ಲಿ ನಾನು ಗ್ರಾಫೈಟ್ ಹಾಕಲು ಹೇಳುವುದಿಲ್ಲ. ಪಂಪುಗಳಿಗೆ, ಬಾಯ್ಲರ್ ವಾಲ್ವುಗಳಿಗೆ ಅದು ಒಳ್ಳೆಯದೇ. ಆದರೆ ಸಮುದ್ರದ ನೀರಿನಲ್ಲಿ ಗ್ರಾಫೈಟೂ ಲೋಹವೂ ತಾಗಿಕೊಂಡು ಇದ್ದರೆ ಅಲ್ಲೇ ಒಂದು ಸಣ್ಣ ಬ್ಯಾಟರಿ ಆದ ಹಾಗೆ. ಸವೆಯುವುದು ಗ್ರಾಫೈಟ್ ಅಲ್ಲ, ಲೋಹ. ಬೋಟ್ ಓಡುತ್ತಿದ್ದರೆ ಅಷ್ಟಾಗಿ ಗೊತ್ತಾಗುವುದಿಲ್ಲ, ತಿಂಗಳುಗಟ್ಟಲೆ ನೀರಿನಲ್ಲಿ ಸುಮ್ನೆ ಕಟ್ಟಿ ಹಾಕಿದರೆ ರೋಪ್ ಕೂತ ಜಾಗದಲ್ಲಿ ಶಾಫ್ಟಿಗೆ ಸೂಜಿಯಿಂದ ಚುಚ್ಚಿದಂತೆ ತೂತುಗಳು ಬೀಳುತ್ತವೆ. ಹಾಗೆ ನೋಡಿದರೆ ಸ್ಟೇನ್‌ಲೆಸ್‌ಗೆ ನಿಂತ ನೀರೇ ಆಗುವುದಿಲ್ಲ. ಹೊಸ ನೀರು ಬಂದು ಹೋಗುತ್ತಿದ್ದರೆ ಅದರಲ್ಲಿರುವ ಗಾಳಿಯಿಂದ ಶಾಫ್ಟಿನ ಮೇಲಿನ ತೆಳು ಪದರ ಉಳಿಯುತ್ತದೆ. ರೋಪಿನ ಕೆಳಗೆ ನೀರು ಸಿಕ್ಕಿಕೊಂಡು ನಿಂತರೆ ಪದರ ಹೋಗಿ ತಿನ್ನಲು ಶುರು. ಸ್ಟೇನ್‌ಲೆಸ್‌ನಲ್ಲಿ 304 ಗ್ರೇಡಿಗೆ ಈ ಕಾಟ ಜಾಸ್ತಿ, 316 ಗ್ರೇಡ್ ಆದರೆ ಸ್ವಲ್ಪ ತಡೆಯುತ್ತದೆ.

ಉಳಿದ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಟೆಫ್ಲಾನ್ ರೋಪ್ ನುಣುಪು, ಬಾಳಿಕೆ ಜಾಸ್ತಿ, ರೇಟೂ ಜಾಸ್ತಿ. ಆದರೆ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ, ಬಿಸಿಯಾದರೆ ಉಬ್ಬುತ್ತದೆ, ಉಬ್ಬಿದರೆ ಇನ್ನೂ ಬಿಗಿ. ಹಾಗಾಗಿ ಅದನ್ನು ಟೈಟ್ ಮಾಡುವ ಕೈಗೆ ತಾಳ್ಮೆ ಬೇಕು. ಕೊಬ್ಬು ಹಾಕಿದ ನಾರಿನ ರೋಪ್ ಸಾಧು, ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೂ ಸಹಿಸಿಕೊಳ್ಳುತ್ತದೆ, ಬೇಗ ಸವೆಯುತ್ತದೆ ಅಷ್ಟೇ. ವರ್ಷ ವರ್ಷ ಬೋಟ್ ಮೇಲೆ ಎಳೆಯುವ ನಮ್ಮ ಕಡೆಗೆ ನನ್ನ ಮಟ್ಟಿಗೆ ಅದೇ ಸಾಕು. ಯಾರಾದರೂ ಗೋಡೌನಿನಲ್ಲಿ ಬಿದ್ದಿದ್ದ ಹಳೇ ಬಿಳಿ ಆಸ್ಬೆಸ್ಟಾಸ್ ರೋಪ್ ಕಡಿಮೆಗೆ ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತನಕ ಹೋಗುತ್ತದೆ.

---

ಗಂಗೊಳ್ಳಿ_ಹುಡುಗ

ಅಣ್ಣಂದಿರೇ ತುಂಬಾ ಉಪಕಾರ ಆಯಿತು. ಇವತ್ತು ಅಳೆದೆ. ಶಾಫ್ಟ್ 50 ಎಂಎಂ, ಬಾಕ್ಸಿನ ಒಳಗೆ 76 ಎಂಎಂ. ಅಂದರೆ 13 ಬರಬೇಕು ಅಲ್ವಾ? ಬೋಟಿನಲ್ಲಿ ಉಳಿದಿದ್ದ ರೋಪಿನ ತುಂಡು ಸಿಕ್ಕಿತು, ಅದು 10 ಎಂಎಂ! ಹಾಕಿದವರಿಗೆ ಫೋನ್ ಮಾಡಿದರೆ ‘ಅಂಗಡಿಯಲ್ಲಿ ಇದ್ದದ್ದು ಅದೇ, ಹೊಡೆದು ಕೂರಿಸಿದ್ದೇವೆ, ಏನೂ ಆಗುವುದಿಲ್ಲ’ ಅಂತ ಹೇಳಿದರು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ನಟ್ ಸ್ವಲ್ಪ ಸಡಿಲ ಮಾಡಿ, ದಕ್ಕೆಯಲ್ಲಿ ಕಟ್ಟಿಕೊಂಡೇ ನಿಧಾನಕ್ಕೆ ಗೇರ್ ಹಾಕಿಸಿ ದೂರದಿಂದ ಟಾರ್ಚ್ ಬಿಟ್ಟು ನೋಡಿದೆ. ಒಂದು ವಿಚಿತ್ರ ಕಾಣಿಸಿತು. ನೀರು ಸುತ್ತಲೂ ಒಂದೇ ಸಮ ಬರುತ್ತಿಲ್ಲ. ಶಾಫ್ಟ್ ಒಂದು ಸುತ್ತು ಬಂದಾಗಲೆಲ್ಲ ಎಡಗಡೆಯಿಂದ ಪಿಚಕ್ ಅಂತ ಹಾರುತ್ತದೆ. ಶಾಫ್ಟ್ ಕೂಡ ಗ್ಲ್ಯಾಂಡ್ ಒಳಗೆ ಸಣ್ಣಗೆ ಕುಣಿಯುತ್ತಿದೆ ಅನ್ನಿಸಿತು. ಇದು ರೋಪ್ ಸಣ್ಣದಾದ್ದರಿಂದಲಾ?

---

ಕಾಳಿ_ತೀರ

ಕಾರವಾರದಿಂದ ಬರೆಯುತ್ತಿದ್ದೇನೆ. ಈ ‘ಪಿಚಕ್’ ಇದೆಯಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರೋಪ್ ಹಾಳಾಗಿದ್ದರೆ ನೀರು ಒಂದೇ ಸಮ ಬರುತ್ತದೆ. ಸುತ್ತಿಗೊಮ್ಮೆ ಹಾರುತ್ತಿದೆ ಅಂದರೆ ಶಾಫ್ಟ್ ನಡುವಿನಲ್ಲಿ ನಿಂತು ತಿರುಗುತ್ತಿಲ್ಲ. ನೀವು ಬಂಗಾರದ ರೋಪ್ ಹಾಕಿದರೂ ಅದು ಕುಟ್ಟಿ ಕುಟ್ಟಿ ಜಾಗ ಮಾಡಿಕೊಳ್ಳುತ್ತದೆ. ಗ್ಲ್ಯಾಂಡ್ ಸೋರುವುದು ಅರ್ಧಕ್ಕರ್ಧ ಸಲ ಗ್ಲ್ಯಾಂಡಿನ ತಪ್ಪೇ ಅಲ್ಲ ಅನ್ನುವವನು ನಾನು.

ಮೂರು ಕಡೆ ನೋಡಬೇಕು. ಒಂದು, ಹಿಂದಿನ ಬುಷ್. ಶಾಫ್ಟ್ ಹೊರಗೆ ಹೋಗುವ ಕೊಳವೆ, ಅಂದರೆ ಸ್ಟರ್ನ್ ಟ್ಯೂಬಿನ ತುದಿಯಲ್ಲಿ, ಪ್ರೊಪೆಲ್ಲರಿನ ಮುಂದೆ ಶಾಫ್ಟನ್ನು ಹಿಡಿದು ನಿಲ್ಲಿಸುವ ರಬ್ಬರ್ ಬುಷ್. ಒಳಗೆ ಉದ್ದುದ್ದ ಗೀರುಗಳಿದ್ದು ಅದರಲ್ಲಿ ನೀರು ಹರಿಯುತ್ತದೆ. ನಮ್ಮ ಅಳಿವೆಗಳಲ್ಲಿ ಹೂಳು, ಮರಳು ಎಷ್ಟು ಅಂತ ನಿಮಗೆ ಗೊತ್ತೇ ಇದೆ. ನೀರು ಇಳಿದಾಗ ಅಳಿವೆ ದಾಟುವ ಬೋಟುಗಳ ಪ್ರೊಪೆಲ್ಲರ್ ಕೆಸರನ್ನೇ ಕಡೆಯುತ್ತಿರುತ್ತದೆ. ಆ ಮರಳು ನೀರು ಬುಷ್ ಒಳಗೂ ಹೋಗುತ್ತದೆ, ರೋಪಿಗೂ ಬರುತ್ತದೆ. ಬುಷ್ ಸವೆದರೆ ಶಾಫ್ಟಿನ ಬಾಲ ಕೆಳಗೆ ಬೀಳುತ್ತದೆ, ಆ ಕುಣಿತವೆಲ್ಲ ಮುಂದೆ ಗ್ಲ್ಯಾಂಡಿಗೆ ಬರುತ್ತದೆ. ಇದನ್ನು ನೋಡಲು ಬೋಟ್ ದಡದ ಮೇಲೆ ಬರಬೇಕು. ಪ್ರೊಪೆಲ್ಲರ್ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಎತ್ತಿ ನೋಡಿ. ಟಕ್ ಟಕ್ ಸದ್ದು ಬಂದರೆ ಬುಷ್ ಹೋಗಿದೆ. ತುಂಬಾ ಬಿಗಿಯಾಗಿಯೂ ಇರಬಾರದು, ನೀರು ಹರಿಯುವಷ್ಟು ಜಾಗ ಬೇಕು.

ಎರಡು, ಶಾಫ್ಟ್ ಬಗ್ಗಿದೆಯಾ ಅಂತ. ಯಾವತ್ತಾದರೂ ಬಲೆಯೋ ಹಗ್ಗವೋ ಪ್ರೊಪೆಲ್ಲರಿಗೆ ಸುತ್ತಿಕೊಂಡು ಇಂಜಿನ್ ಗಪ್ ಅಂತ ನಿಂತದ್ದು ಇದೆಯಾ? ತಾಂಡೇಲರನ್ನು ಕೇಳಿ. ಅಂಥ ಒಂದು ಏಟಿಗೆ ಶಾಫ್ಟ್ ಕಣ್ಣಿಗೆ ಕಾಣದಷ್ಟು ಬಗ್ಗಿರುತ್ತದೆ, ಲೇತಿಗೆ ಕಟ್ಟಿ, ಸಣ್ಣ ಓರೆಯನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟರೆ ಗೊತ್ತಾಗುತ್ತದೆ.

ಮೂರು, ಅಲೈನ್‌ಮೆಂಟ್, ಅಂದರೆ ಇಂಜಿನ್ನೂ ಶಾಫ್ಟೂ ಒಂದೇ ನೇರಕ್ಕೆ ಇರುವುದು. ಇಂಜಿನ್ ಕೂತ ಮರದ ಬೆಡ್ ವರ್ಷ ಕಳೆದಂತೆ ಕೂರುತ್ತದೆ, ಬೋಲ್ಟ್ ಸಡಿಲ ಆಗುತ್ತದೆ. ಗೇರ್‌ಬಾಕ್ಸಿನ ಕಪ್ಲಿಂಗೂ ಶಾಫ್ಟಿನ ಕಪ್ಲಿಂಗೂ ಎದುರು ಬದುರು ನೇರ ಇರಬೇಕು. ಬೋಲ್ಟ್ ಬಿಚ್ಚಿ, ಎರಡೂ ಮುಖ ಹತ್ತಿರ ತಂದು, ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಹಾಕಿ ನೋಡುತ್ತಾರೆ. ಕಪ್ಲಿಂಗಿನ ತಟ್ಟೆಯಂಥ ಮುಖ, ಅಂದರೆ ಫ್ಲ್ಯಾಂಜ್, ಅದರ ವ್ಯಾಸದ ಒಂದು ಇಂಚಿಗೆ ಒಂದು ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗ) ಅನ್ನುವುದು ನಾವು ಹಿಡಿಯುವ ಲೆಕ್ಕ. 4 ಇಂಚಿನ ಫ್ಲ್ಯಾಂಜ್ ಆದರೆ ನಾಲ್ಕು ಥೌ, ಅಂದರೆ 0.1 ಎಂಎಂ ಮೇಲೆ ವ್ಯತ್ಯಾಸ ಬರಬಾರದು. ಬಹಳ ಜನ ಇದನ್ನು ಯಾರ್ಡಿನಲ್ಲಿ, ಬೋಟ್ ದಡದ ಮೇಲಿರುವಾಗಲೇ ಮಾಡಿ ಮುಗಿಸುತ್ತಾರೆ. ಮರದ ಬೋಟ್ ನೆಲದ ಮೇಲೆ ಕೂತಾಗ ಒಂದು ಆಕಾರ, ನೀರಿನಲ್ಲಿ ತೇಲುವಾಗ ಒಂದು ಆಕಾರ. ಯಾರ್ಡಿನಲ್ಲಿ ಒಂದು ಅಂದಾಜಿಗೆ ಮಾಡಿ, ನೀರಿಗೆ ಇಳಿಸಿ, ಒಂದೆರಡು ದಿನ ಬಿಟ್ಟು ಮತ್ತೆ ಬಿಚ್ಚಿ ನೋಡಬೇಕು. ಮೆಕ್ಯಾನಿಕ್ ಎರಡು ಸಲ ಬರಬೇಕಲ್ಲ, ಅದಕ್ಕೆ ಯಾರೂ ಒಪ್ಪುವುದಿಲ್ಲ. ಆಗಸ್ಟ್ 1ಕ್ಕೆ ಹೊರಡುವ ಗಡಿಬಿಡಿ ಬೇರೆ. ಆದರೂ ಹಟ ಹಿಡಿದು ಮಾಡಿಸಿ.

---

ದುಬೈ_ಕುಂದಾಪ್ರ

ಹ್ವಾಯ್, ನಾನೂ ಅಲ್ಲೇ ಆಚೆ ದಡದವ. ಈಗ ದುಬೈಯಲ್ಲಿ ಸಣ್ಣ ಯಾಟ್‌ಗಳ ಮೆಂಟೆನೆನ್ಸ್ ಕೆಲಸ. ನೀರು ಬರದ ಸೀಲ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ರಬ್ಬರಿನ ಬೆಲ್ಲೋಸ್, ಅಂದರೆ ಮಡಿಕೆ ಮಡಿಕೆಯಾದ ಕೊಳವೆ ಇರುತ್ತದೆ, ಅದರ ತುದಿಗೆ ಕಾರ್ಬನ್ ಬಳೆ. ಶಾಫ್ಟಿಗೆ ಕಚ್ಚಿಕೊಂಡು ತಿರುಗುವ ಸ್ಟೀಲ್ ಬಳೆಗೆ ಅದು ಮುಖಕ್ಕೆ ಮುಖ ಒತ್ತಿಕೊಂಡಿರುತ್ತದೆ, ಬೆಲ್ಲೋಸೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಇನ್ನೊಂದು ಲಿಪ್ ಸೀಲ್, ರಬ್ಬರಿನ ತುಟಿ ನೇರವಾಗಿ ಶಾಫ್ಟಿನ ಮೇಲೇ ಕೂರುತ್ತದೆ. ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ, ಬೋಟಿನ ಅಡಿ ಒಣಗಿಕೊಂಡೇ ಇರುತ್ತದೆ. ಆದರೆ ನೀರು ಬರದ ಸೀಲ್ ಅಂದರೆ ನೀರು ಬೇಡದ ಸೀಲ್ ಅಲ್ಲ. ಒಳಗಡೆಯಿಂದ ಅದಕ್ಕೂ ನೀರು ಮುಟ್ಟುತ್ತಿರಬೇಕು. ಬೋಟನ್ನು ದಡದಿಂದ ನೀರಿಗೆ ಇಳಿಸಿದಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಹೋಗಲು ಬೇರೆ ಪೈಪ್ ಇಲ್ಲದಿದ್ದರೆ, ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಬೆಲ್ಲೋಸ್ ಹಿಂದಕ್ಕೆ ಎಳೆದು ಅಥವಾ ಲಿಪ್ ಸೀಲನ್ನು ಕೈಯಲ್ಲಿ ಹಿಚುಕಿ, ಬುಸ್ ಅಂತ ಗಾಳಿ ಹೋಗಿ ನೀರು ಬರುವವರೆಗೆ ಬಿಡಬೇಕು. ಇದನ್ನು ಮಾಡದೆ ಹೊರಟರೆ ಸೀಲ್ ಒಣ ಒಣವಾಗಿ ಉಜ್ಜಿ ಹಾಳಾಗುತ್ತದೆ. ಲಿಪ್ ಸೀಲಿಗೆ ಕಂಪೆನಿ ಹೇಳಿದ ಗ್ರೀಸನ್ನು ಹೇಳಿದಷ್ಟೇ ಕಾಲಕ್ಕೆ ಸರಿಯಾಗಿ ಹಾಕಬೇಕು.

ಈಗ ನಿಮ್ಮ ಪ್ರಶ್ನೆಗೆ. ಟ್ರಾಲ್ ಬೋಟಿಗೆ ನಾನಾದರೆ ಹಾಕುವುದಿಲ್ಲ. ರೋಪ್ ಹಾಳಾಗುವುದು ನಿಧಾನಕ್ಕೆ, ವಾರಗಟ್ಟಲೆ ಮುಂಚೆಯೇ ಹನಿ ಜಾಸ್ತಿ ಮಾಡಿ ಹೇಳುತ್ತದೆ. ಬೆಲ್ಲೋಸ್ ಹರಿದರೆ ಅಥವಾ ಕ್ಲಿಪ್ ತುಕ್ಕು ಹಿಡಿದು ಬಿಟ್ಟುಕೊಂಡರೆ ಒಮ್ಮೆಲೇ ನೀರು ನುಗ್ಗುತ್ತದೆ. ಅಷ್ಟು ದೂರದಲ್ಲಿ ಅದರ ಸಾಮಾನು ಯಾರು ಕೊಡುತ್ತಾರೆ? ಮರಳು ನೀರು, ಡೀಸೆಲ್ ಎಣ್ಣೆ ಎಲ್ಲ ಸೇರಿದ ಇಂಜಿನ್ ರೂಮು ಬೇರೆ. ಕುಣಿಯುವ ಶಾಫ್ಟಿಗೆ ಈ ಸೀಲಂತೂ ಆಗುವುದೇ ಇಲ್ಲ. ಕಾಳಿ ತೀರದ ಅಣ್ಣ ಹೇಳಿದ ಮೂರೂ ಸರಿ ಮಾಡಿದರೆ ನಿಮ್ಮ ಹಳೇ ಗ್ಲ್ಯಾಂಡೇ ಹನಿ ಲೆಕ್ಕಕ್ಕೆ ಬರುತ್ತದೆ, ಆಮೇಲೆ ಹೊಸ ಸೀಲಿನ ಆಸೆಯೇ ಹೋಗುತ್ತದೆ.

---

ಮಲ್ಪೆ_ಹಳೇಡ್ರೈವರ್

ಒಂದು ಮರೆತಿದ್ದೆ. ನಿಮ್ಮ ಗ್ಲ್ಯಾಂಡಿಗೆ ಗ್ರೀಸ್ ಕಪ್ ಇದೆಯಾ? ಇದ್ದರೆ ಪ್ರತಿ ಸಲ ಹೊರಡುವ ಮೊದಲು ಒಂದು ತಿರುವು ಕೊಡಿ. ನಮ್ಮ ಕಾಲದಲ್ಲಿ ಅದೇ ಪದ್ಧತಿ.

---

ಬಂದರ್_ಲೇತ್

ಅಣ್ಣ, ಇಲ್ಲಿ ನಿಮ್ಮ ಹತ್ತಿರ ಸ್ವಲ್ಪ ಜಗಳ ಆಡುತ್ತೇನೆ. ಹಳೇ ಬೋಟಿನ ಲೋಹದ ಬುಷ್‌ಗಳಿಗೆ ಗ್ರೀಸ್ ಬೇಕಿತ್ತು. ಇವರದು ರಬ್ಬರ್ ಬುಷ್ ಆಗಿದ್ದರೆ ಅದು ನೀರಿನಲ್ಲೇ ಓಡಬೇಕಾದದ್ದು. ಗ್ರೀಸ್ ಒತ್ತಿ ಒತ್ತಿ ಹಿಂದೆ ಕಳಿಸಿದರೆ ನೀರಿನ ದಾರಿ ಮುಚ್ಚುತ್ತದೆ, ಅದರಲ್ಲಿ ಮರಳೂ ಹಿಡಿದುಕೊಳ್ಳುತ್ತದೆ. ಗ್ಲ್ಯಾಂಡಿನ ನಡುವೆ ಗ್ರೀಸಿಗೆ ಅಂತಲೇ ಬಳೆ ಇಟ್ಟು ಮಾಡಿದ ಬಾಕ್ಸ್ ಇದ್ದರೆ ಸ್ವಲ್ಪ ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಸೋರುವುದನ್ನು ನಿಲ್ಲಿಸಲು ಗ್ರೀಸ್ ತುಂಬುವುದಿದೆಯಲ್ಲ, ಅದು ಬೇಡ.

---

ಮಲ್ಪೆ_ಹಳೇಡ್ರೈವರ್

ಆಯಿತು ಮಾರಾಯ್ರೇ, ಲೋಹದ ಬುಷ್ ಇದ್ದವರಿಗೆ ಹೇಳಿದ್ದು ಅಂತ ಇಟ್ಟುಕೊಳ್ಳಿ. ಆದರೂ ಒಂದು ತಿರುವಿಗೆ ಯಾವ ಬೋಟೂ ಮುಳುಗುವುದಿಲ್ಲ.

---

ಗಂಗೊಳ್ಳಿ_ಹುಡುಗ

ರಬ್ಬರ್ ಬುಷ್ಷೇ, ದೊಡ್ಡಪ್ಪನನ್ನು ಕೇಳಿದೆ. ಬಲೆ ಸುತ್ತಿಕೊಂಡದ್ದೂ ಹೌದಂತೆ, ನವರಾತ್ರಿ ಆಸುಪಾಸಿನಲ್ಲಿ. ನನಗೆ ಯಾರೂ ಹೇಳಿಯೇ ಇರಲಿಲ್ಲ. ಅಂದರೆ ಶಾಫ್ಟ್ ಹೊರಗೆ ತೆಗೆಯಲೇಬೇಕು. ಮನೆಯಲ್ಲಿ ಮಾತಾಡಿ ಆಯಿತು, ಬ್ಯಾನ್‌ವರೆಗೆ ಕಾಯುವುದಿಲ್ಲ. ಯಾರ್ಡಿನಲ್ಲಿ ಜಾಗ ಸಿಕ್ಕಿದ ಕೂಡಲೇ ಎಳೆಸುತ್ತೇವೆ, ಅಲ್ಲಿವರೆಗೆ ಸಮುದ್ರಕ್ಕೆ ಕಳಿಸುವುದಿಲ್ಲ. ರಾತ್ರಿ ಬೋಟಿನಲ್ಲಿ ಕೆಲಸದ ಒಬ್ಬ ಕಲಾಸಿ ಮಲಗುತ್ತಾನೆ, ಬ್ಯಾಟರಿಯೂ ಚಾರ್ಜ್ ಆಗಿದೆ.

ಈ ಸಲ ರೋಪ್ ಹಾಕುವಾಗ ನಾನೇ ಮುಂದೆ ನಿಲ್ಲಬೇಕು ಅಂತ ಇದ್ದೇನೆ. ಸರಿಯಾಗಿ ಹಾಕುವುದು ಹೇಗೆ ಅಂತ ಒಮ್ಮೆ ಬಿಡಿಸಿ ಹೇಳುತ್ತೀರಾ? ಶಾಫ್ಟಿನಲ್ಲಿ ಗೀರು ಬಿದ್ದಿದ್ದರೆ ಹೊಸ ಶಾಫ್ಟೇ ಬೇಕಾ?

---

ಬಂದರ್_ಲೇತ್

ಮೊದಲು ಶಾಫ್ಟ್. ಗ್ಲ್ಯಾಂಡ್ ಕೂರುವ ಜಾಗದಲ್ಲಿ ಉಗುರು ಅಡ್ಡ ಎಳೆದು ನೋಡಿ. ನುಣ್ಣಗೆ ಜಾರಿದರೆ ಸರಿ. ಸುಮ್ನೆ ಬಣ್ಣ ಬದಲಾಗಿದ್ದರೆ ಎಮರಿ ಪೇಪರ್ ಉಜ್ಜಿದರೆ ಸಾಕು. ಉಗುರು ಸಿಕ್ಕಿಕೊಂಡರೆ ಅಲ್ಲಿ ರೋಪ್ ನಿಲ್ಲುವುದಿಲ್ಲ. ಹಾಗಂತ ಕೂಡಲೇ ಹೊಸ ಶಾಫ್ಟಿಗೆ ಓಡಬೇಡಿ. ಕಪ್ಲಿಂಗ್ ನಡುವೆ ಒಂದು ದಪ್ಪ ಸ್ಪೇಸರ್ ಇಟ್ಟು ಶಾಫ್ಟನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ರೋಪಿಗೆ ಒಳ್ಳೆಯ ಜಾಗ ಸಿಗುತ್ತದೆ. ಆದರೆ ಹಿಂದೆ ಪ್ರೊಪೆಲ್ಲರಿಗೂ ರಡ್ಡರಿಗೂ ನಡುವೆ ಜಾಗ ಇದೆಯಾ ಅಂತ ನೋಡಿಕೊಂಡೇ ಮಾಡಬೇಕು, ಬುಷ್‌ನಿಂದ ಪ್ರೊಪೆಲ್ಲರ್ ತುಂಬಾ ದೂರ ಹೋಗಲೂಬಾರದು. ಇನ್ನೊಂದು, ವೆಲ್ಡಿಂಗ್ ತುಂಬಿ ಲೇತಿನಲ್ಲಿ ಕಡೆಯುವುದು. ಅಗ್ಗ, ಆದರೆ ಬಿಸಿಗೆ ಶಾಫ್ಟ್ ಬಗ್ಗುತ್ತದೆ, ಮಾಡಿದ ಮೇಲೆ ಡಯಲ್ ಹಾಕಿ ನೇರ ಇದೆಯಾ ಅಂತ ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಬಲೆ ಸುತ್ತಿ ಬಗ್ಗಿದ್ದೂ ಹೌದು, ಗೀರೂ ಹೌದು, ತೂತುಗಳೂ ಹೌದು ಅಂತ ಆದರೆ ಮಾತ್ರ ಹೊಸದು ಹಾಕುವುದೇ ಲಾಭ.

ಈಗ ರೋಪ್. ಅರ್ಧ ಇಂಚಿನದು ಅಂದರೆ 12.7 ಎಂಎಂ, ನಿಮ್ಮ 13ಕ್ಕೆ ಸರಿಯಾಗಿ ಕೂರುತ್ತದೆ. ಹಳೆಯದನ್ನು ತೆಗೆಯುವಾಗ ಎಷ್ಟು ರಿಂಗ್ ಬಂತು ಅಂತ ಎಣಿಸಿ. ತಳದಲ್ಲಿ ಒಂದು ಉಳಿದುಬಿಡುವುದು ತುಂಬಾ ಮಾಮೂಲು, ಟಾರ್ಚ್ ಬಿಟ್ಟು ಬಾಕ್ಸಿನ ತಳ ಕಾಣುವವರೆಗೆ ತೆಗೆಯಿರಿ. ಬಾಕ್ಸಿನ ಆಳ ಅಳೆದರೆ ಎಷ್ಟು ರಿಂಗ್ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ, ಸಾಮಾನ್ಯವಾಗಿ ಮೂರೋ ನಾಲ್ಕೋ. ರೋಪನ್ನು ಒತ್ತುವ ಮೇಲಿನ ಗ್ಲ್ಯಾಂಡ್ ತುಂಡು ಸ್ವಲ್ಪ ಒಳಗೆ ಹೋಗಿ ಕೂರುವಷ್ಟು ಜಾಗ ಬಿಡಬೇಕು.

ರೋಪನ್ನು ಬಾಕ್ಸಿನೊಳಗೆ ಸ್ಪ್ರಿಂಗಿನಂತೆ ಸುತ್ತಿ ತುಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ನೀರು ಆ ಸುತ್ತಿನ ದಾರಿ ಹಿಡಿದೇ ಹೊರಗೆ ಬರುತ್ತದೆ. ಒಂದೊಂದು ರಿಂಗೂ ಬೇರೆ ಬೇರೆ ಇರಬೇಕು. ಶಾಫ್ಟಿನಷ್ಟೇ ದಪ್ಪದ ಪೈಪಿಗೆ, ನಿಮ್ಮದಾದರೆ 50 ಎಂಎಂ, ರೋಪನ್ನು ಎಳೆಯದೆ ಒತ್ತಾಗಿ ಸುತ್ತಿ, ಹರಿತವಾದ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ತುದಿಗೆ ತುದಿ ಒಂದರ ಮೇಲೊಂದು ಕೂರುತ್ತದೆ. ಶಾಫ್ಟಿನ ಮೇಲೇ ಇಟ್ಟು ಬ್ಲೇಡ್ ಎಳೆಯಬೇಡಿ, ಅಲ್ಲೇ ಹೊಸ ಗೀರು ಬೀಳುತ್ತದೆ. ಮೊದಲ ರಿಂಗ್ ಹಾಕಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ತುಂಡನ್ನು ಶಾಫ್ಟಿನ ಮೇಲೆ ಕೂರಿಸಿ ತಳದವರೆಗೆ ತಳ್ಳಿ. ಸ್ಕ್ರೂಡ್ರೈವರ್, ಸುತ್ತಿಗೆ ಬೇಡ. ಎರಡನೆಯದರ ಜೋಡಣೆ ಮೊದಲನೆಯದರ ನೇರಕ್ಕೆ ಬರಬಾರದು. ಗಡಿಯಾರದ ಲೆಕ್ಕದಲ್ಲಿ ಒಂದು 12ಕ್ಕೆ, ಇನ್ನೊಂದು 4ಕ್ಕೆ, ಮತ್ತೊಂದು 8ಕ್ಕೆ.

ಆಮೇಲೆ ನಟ್ ಕೈಯಲ್ಲೇ ಬಿಗಿ ಮಾಡಿ ಬಿಡಿ. ನೀರಿಗೆ ಇಳಿಸಿದಾಗ ಧಾರಾಳ ನೀರು ಬರುತ್ತದೆ, ಹೆದರಬೇಡಿ, ಪಂಪ್ ಆನ್ ಇಟ್ಟುಕೊಂಡು ಹಾಗೇ ಅರ್ಧ ಗಂಟೆ ಓಡಿಸಿ. ಇಂಜಿನ್ ನಿಲ್ಲಿಸಿ, ಎರಡೂ ನಟ್ ಸಮಸಮ, ನಟ್ಟಿನ ಒಂದು ಮುಖದಷ್ಟು ಮಾತ್ರ ತಿರುಗಿಸಿ, ಮತ್ತೆ ಓಡಿಸಿ, ಮುಟ್ಟಿ ನೋಡಿ. ಒಂದೇ ಕಡೆ ಜಾಸ್ತಿ ಬಿಗಿಯಾದರೆ ಗ್ಲ್ಯಾಂಡ್ ಸೊಟ್ಟಗೆ ಕೂತು ಕಂಚೇ ಶಾಫ್ಟಿಗೆ ತಾಗುತ್ತದೆ. ಹೀಗೆ ನಾಲ್ಕೈದು ಸಲ ಮಾಡಿ ಡ್ರೈವರ್ ಅಣ್ಣ ಹೇಳಿದ ಹನಿ ಲೆಕ್ಕಕ್ಕೆ ತನ್ನಿ. ಸಮುದ್ರದ ನೀರು 30 ಡಿಗ್ರಿ ಇದ್ದರೆ ಗ್ಲ್ಯಾಂಡ್ 45ರ ಒಳಗೆ ಇರಲಿ ಅನ್ನುವುದು ನನ್ನ ಲೆಕ್ಕ, ಕೆಂಪು ಚುಕ್ಕೆ ಬೀಳುವ ಥರ್ಮಾಮೀಟರ್ ಇದ್ದರೆ ದೂರದಿಂದಲೇ ನೋಡಬಹುದು. ಕೊನೆಗೆ ಲಾಕ್ ನಟ್ ಹಾಕುವುದು ಮರೆಯಬೇಡಿ, ಇಂಜಿನ್ ಅದುರಿಗೆ ನಟ್ ಬಿಚ್ಚಿಕೊಳ್ಳುತ್ತದೆ. ಮೊದಲ ಟ್ರಿಪ್ಪಿನಲ್ಲಿ ರೋಪ್ ಇನ್ನೂ ಸ್ವಲ್ಪ ಕೂರುತ್ತದೆ, ಆಗ ಹನಿ ಜಾಸ್ತಿ ಆದರೆ ಮತ್ತೊಂದು ಮುಖ. ಡ್ರೈವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಿ.

---

ಗಂಗೊಳ್ಳಿ_ಹುಡುಗ

ಇದನ್ನು ಪ್ರಿಂಟ್ ತೆಗೆದು ಇಂಜಿನ್ ರೂಮಿನಲ್ಲಿ ಅಂಟಿಸುತ್ತೇನೆ. ಒಂದೇ ಒಂದು ಡೌಟು, ಹಳೇ ರೋಪ್ ಕಲ್ಲಾಗಿ ಹೋಗಿದೆಯಲ್ಲ, ಅದನ್ನು ಕೀಳುವುದು ಯಾವುದರಿಂದ? ಕಳೆದ ಸಲ ಚಾಣ ಹಾಕಿ ಕೆತ್ತಿದ್ದರು.

---

ಬಂದರ್_ಲೇತ್

ಚಾಣ ಹಾಕಿದರೆ ಶಾಫ್ಟಿಗೂ ಏಟು, ಬಾಕ್ಸಿಗೂ ಏಟು. ಅದಕ್ಕೆ ಅಂತಲೇ ಕೊಕ್ಕೆ ಸಿಗುತ್ತದೆ, ಬಗ್ಗುವ ಕೇಬಲ್ಲಿನ ತುದಿಗೆ ತಿರುಪು ಇರುವಂಥದ್ದು. ಪ್ಯಾಕಿಂಗ್ ಮಾರುವ ಅಂಗಡಿಯಲ್ಲೇ ಕೇಳಿ. ಸಿಗದಿದ್ದರೆ ಮರದ ಕೆಲಸದ ಸಣ್ಣ ಸ್ಕ್ರೂ ಒಂದರ ತಲೆ ತೆಗೆದು, ತೆಳು ಸರಳಿನ ತುದಿಗೆ ವೆಲ್ಡ್ ಮಾಡಿ, ಇನ್ನೊಂದು ತುದಿಗೆ ಟಿ ಆಕಾರದ ಹಿಡಿ ಹಾಕಿಸಿಕೊಳ್ಳಿ. ಎರಡು ಮಾಡಿಸಿ. ರಿಂಗಿನ ಎದುರು ಬದುರು ಎರಡೂ ಕಡೆ ತಿರುಪಿ, ಇಬ್ಬರು ಒಟ್ಟಿಗೆ ಎಳೆದರೆ ತುಂಡಾಗದೆ ಪೂರ್ತಿ ರಿಂಗೇ ಬರುತ್ತದೆ. ಜಾಸ್ತಿ ಗಟ್ಟಿ ಇದ್ದರೆ ಹಿಂದಿನ ದಿನ ಸಂಜೆಯೇ ಸ್ವಲ್ಪ ಎಣ್ಣೆ ಬಿಟ್ಟಿಡಿ.